ನೈಋತ್ಯದ ಕಿಂಡಿ

ನಮ್ಮ ಮನೆಯ ಮಳೆನೀರು ನೈಋತ್ಯದ ಮೂಲೆಯಿಂದ ಹೊರಗೆ ಹೋಗುತ್ತದೆ. ಬಂದವರು ನೋಡಿ ಹುಬ್ಬೇರಿಸುತ್ತಾರೆ. ಏರಿಸಲಿ. ಇಳಿಜಾರು ಇರುವುದೇ ಆ ಕಡೆಗೆ, ನೀರಿಗೆ ವಾಸ್ತು ಕಲಿಸಲು ನನ್ನಿಂದಾಗದು.

ತುಮಕೂರಿನ ಅಂಚಿನಲ್ಲಿ, ಬಂಡೆಗುಡ್ಡದ ಬುಡದಲ್ಲಿ ನಾವು ಈ ಸೈಟು ತಗೊಂಡಾಗ ಕಟ್ಟಿಸುವ ಉಸ್ತುವಾರಿಯೆಲ್ಲ ಭಾವನವರದು, ಅಂದರೆ ನನ್ನ ಗಂಡನ ಅಣ್ಣನದು. ನಾನು ದಿನಾ ಸ್ಕೂಟರಿನಲ್ಲಿ ನಿಟ್ಟೂರಿನ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ಗಂಡನಿಗೆ ಅಣ್ಣನೆದುರು ಬಾಯಿಲ್ಲ. ನೀರು ಈಶಾನ್ಯಕ್ಕೇ ಹೋಗಬೇಕು ಅಂದರು ಭಾವ. ಈಶಾನ್ಯದಲ್ಲಿ ಇರುವುದು ಗುಡ್ಡ! ಆದರೂ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಸುರಿಸಿ, ಅಂಗಳವನ್ನು ಗುಡ್ಡದ ಕಡೆಗೇ ಇಳಿಜಾರು ಮಾಡಿಸಿ, ಆ ಮೂಲೆಯ ಕಾಂಪೌಂಡಿನಲ್ಲಿ ಒಂದು ಕಿಂಡಿ ಬಿಡಿಸಿದರು.

ಮೊದಲ ಮಳೆಗೇ ಬಣ್ಣ ಬಯಲಾಯಿತು. ನೀರು ಹೊರಗೆ ಹೋಗಲಿ ಅಂತ ಬಿಟ್ಟ ಕಿಂಡಿಯಿಂದ ಗುಡ್ಡದ ನೀರು ಒಳಗೆ ನುಗ್ಗಿ, ಹಿಂದಿನ ಕೋಣೆಯ ಗೋಡೆಗೆ ಒತ್ತಿ ನಿಂತಿತು. ಆ ಕೋಣೆ ನಮ್ಮತ್ತೆಯದು. ಅವರು ಕೊತ್ತಗೆರೆಯವರು, ಮೊದಲೇ ಉಬ್ಬಸದ ಮೈ. ಹಾಲ್‌ನಲ್ಲಿ ಮಲಗಿ ಅಂದರೆ ಕೇಳುವವರಲ್ಲ. ಎರಡು ಮಳೆಗಾಲ ಗೋಣಿಚೀಲ ಅಡ್ಡ ಇಟ್ಟು ನೂಕಿದೆವು. ಮೂರನೆಯದಕ್ಕೆ ಮೊದಲೇ ನನ್ನ ಗಂಡ ಎದೆನೋವಿನಲ್ಲಿ ಹೋದರು. ಆ ಮಳೆಗಾಲದಲ್ಲಿ ಗೋಡೆ ಮೊಳದೆತ್ತರಕ್ಕೆ ಬೂಷ್ಟು ಹಿಡಿಯಿತು, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಇನ್ನೊಂದು ಮಳೆಗಾಲ ಆ ಕೋಣೆಯಲ್ಲಿ ಮಲಗಿಸಿದರೆ ನಾನು ಹೊಣೆಯಲ್ಲ ಅಂದರು ಡಾಕ್ಟರು. ಮನೆಯಲ್ಲಿ ಒಂದು ಸಾವು ಸಾಕಾಗಿತ್ತು ನನಗೆ.

ಮುಂಗಾರಿಗೆ ಮುಂಚೆ ಒಂದು ಭಾನುವಾರ ಮೇಸ್ತ್ರಿಯನ್ನು ಕರೆಸಿದೆ. ಈಶಾನ್ಯದ ಕಿಂಡಿ ಮುಚ್ಚಿದ. ಮನೆಯ ಪಕ್ಕದಲ್ಲೇ ಉದ್ದಕ್ಕೂ ಕಾಲುವೆ ತೋಡಿದ. ನೈಋತ್ಯದ ಕಾಂಪೌಂಡಿನ ಹತ್ತಿರ ಬಂದವನೇ ಹಾರೆ ಕೆಳಗಿಟ್ಟ.

"ಈ ಮೂಲೆ ಮಾತ್ರ ನನ್ ಕೈಲಿ ಒಡಿಸ್ಬೇಡಿ ಮೇಡಂ. ನಾನೂ ಮಕ್ಕಳೊಂದಿಗ."

ಸರಿ, ಸೆರಗು ಸಿಕ್ಕಿಸಿ ನಾನೇ ಹಾರೆ ಹಿಡಿದೆ. ಕಾಲುವೆ ತೋಡುವಾಗಲೇ ಅವನು ಫೋನು ಮಾಡಿರಬೇಕು, ಗುಬ್ಬಿಯಿಂದ ಭಾವ ಬೈಕಿನಲ್ಲಿ ಬಂದು ಕಾಲುವೆಯೊಳಗೇ ಇಳಿದು ಆ ಮೂಲೆಗೆ ಬೆನ್ನು ಕೊಟ್ಟು ನಿಂತರು.

"ಊರಿಗೊಂದು ದಾರಿಯಾದ್ರೆ ಎಡವಟ್ಟಿಗೊಂದು ದಾರಿ! ನೈಋತ್ಯಕ್ಕೆ ನೀರು ಬಿಟ್ರೆ ಮನೆ ಯಜಮಾನಂಗೆ ಕೇಡು ಅಂತ ಗೊತ್ತಿಲ್ವೇನಮ್ಮ?"

ಮೈಯೆಲ್ಲ ಉರಿದುಹೋಯಿತು. "ಯಜಮಾನ್ರು ಇದ್ದಷ್ಟು ದಿನ ಕಿಂಡಿ ಈಶಾನ್ಯದಲ್ಲೇ ಇತ್ತಲ್ಲ ಭಾವ, ಉಳಿಸ್ತಾ?" ಅಂದೆ. "ಈಗ ಈ ಮನೆಗೆ ಯಜಮಾನಿ ನಾನು. ಕೇಡು ಬರೋದಾದ್ರೆ ನಂಗೇ ಬರ್ಲಿ, ಸರೀರಿ ಪಕ್ಕಕ್ಕೆ."

ಭಾವನ ಮುಖ ಸಣ್ಣಗಾಯಿತು, ಆದರೆ ಸರಿಯಲಿಲ್ಲ. "ಅವ್ವನ್ನ ಕೇಳ್ದಾ? ಅವ್ವ ಹೂಂ ಅಂದ್ರೆ ಒಡಿ," ಅಂದರು.

ಕೇಳಿರಲಿಲ್ಲ. ಕೇಳಲು ಹೆದರಿಕೆಯಾಗಿತ್ತು. ಮಗನನ್ನು ಕಳಕೊಂಡ ತಾಯಿ, ಬೇಡ ಅಂದುಬಿಟ್ಟರೆ ಹಾರೆ ಕೆಳಗಿಡದೆ ನನಗೆ ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಅತ್ತೆಯೇ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಾ ಹೊರಗೆ ಬಂದರು. ನನ್ನ ಕೈಯಿಂದ ಹಾರೆ ಕಿತ್ತುಕೊಂಡರು. ಮುಗಿಯಿತು ಅಂದುಕೊಂಡೆ. ಆ ಹಾರೆಯನ್ನು ಎರಡು ಕೈಯಲ್ಲಿ ಎತ್ತಲಾರದೆ ಎತ್ತಿ, ಹಿರಿಮಗ ನಿಂತಿದ್ದ ಪಕ್ಕಕ್ಕೇ ಕಾಂಪೌಂಡಿಗೆ ಒಂದು ಸಲ ಕುಟ್ಟಿದರು. ಉದುರಿದ್ದು ಹಿಡಿಯಷ್ಟು ಗಾರೆ.

"ನಾನೂ ಕೈ ಹಾಕಿವ್ನಿ ಕಣ್ಲಾ," ಅಂದರು. "ಕೇಡು ಇವಳೊಬ್ಬಳ್ಗೇ ಯಾಕ್ ಬರ್ಬೇಕು? ಬಂದ್ರೆ ಇಬ್ರಿಗೂ ಬರ್ಲಿ. ಸರಿ ಪಕ್ಕಕ್ಕೆ."