ರಂಗೋಲಿಗೆ ಸಿಕ್ಕ ಉತ್ತರ

2011ರ ಭೂಕಂಪ ಆದಮೇಲೆ, ಜಪಾನಿನ ಯೋಕೋಹಾಮಾದಲ್ಲಿ ನಾವಿದ್ದ ವಾರ್ಡಿನ ಸರ್ಕಾರಿ ಕಚೇರಿ ಫೇಸ್‌ಬುಕ್ ಪೇಜ್ ತೆರೆದು ‘ಏನಿದ್ದರೂ ಕೇಳಿ’ ಅಂದಿತು. ಪಕ್ಕದ ಮನೆಯ ಜಲಜಾ ಮೈಸೂರಿನವಳು, ಹೇಳಿದ್ದನ್ನು ನಂಬುವವಳು. ಅಣುಸ್ಥಾವರ ಒಡೆದು ನಲ್ಲಿ ನೀರಲ್ಲೂ ವಿಕಿರಣ ಸೇರಿದೆ ಅಂತ ಸುದ್ದಿ ಹಬ್ಬಿದಾಗ, ‘ಸುಮಿಮಾಸೆನ್, ಕ್ಷಮಿಸಿ, ಈ ನೀರನ್ನು ನನ್ನ ಮಗುವಿನ ಹಾಲುಪುಡಿಗೆ ಬೆರೆಸಬಹುದೇ?’ ಅಂತ ಜಪಾನಿಯಲ್ಲೇ ತಿದ್ದಿ ತಿದ್ದಿ ಬರೆದಳು. ಪುಣ್ಯಾತ್ಮರು ತುಟಿಪಿಟಕ್ಕೆನ್ನಲಿಲ್ಲ. ಮತ್ತೆ ಕೇಳಿದಳು, ಆಗಲೂ ಅಷ್ಟೇ.

ಯುಗಾದಿಗೆ ಬಾಗಿಲಲ್ಲಿ ಬಿಟ್ಟ ರಂಗೋಲಿಯ ಫೋಟೋ ಅದೇ ಪೇಜಿಗೆ ಹಾಕಿದಳು ನೋಡಿ, ಟೀ ಕುದಿಯುವಷ್ಟರಲ್ಲಿ ಕಚೇರಿ ಓಡಿ ಬಂತು.

‘ತುಂಬಾ ಸುಂದರ! ನಮ್ಮ ಪೇಜಿನ ಮುಖಚಿತ್ರಕ್ಕೆ ಬಳಸಬಹುದೇ?’

‘ಬಳಸಿಕೊಳ್ಳಿ. ನೀರಿನ ವಿಷಯ ಏನಾಯ್ತು?’

ರಂಗೋಲಿ ಇವತ್ತಿಗೂ ಅಲ್ಲಿದೆ, ‘ನಿಮ್ಮ ದನಿಗೆ ನಮ್ಮ ಕಿವಿ’ ಅನ್ನೋ ಸಾಲಿನ ಜೊತೆ. ಅದರ ಕೆಳಗೆ ಜಲಜಾಳ ಪ್ರಶ್ನೆಯೂ ಹಾಗೇ ಕೂತಿದೆ. ಆ ಮಗುವಿಗೀಗ ಮೀಸೆ ಚಿಗುರುತ್ತಿದೆ.