ತಳದ ನೀರು ಮೇಲೆ ಬಂದ ಚಳಿಗಾಲ

ನಮ್ಮ ಅತ್ತೆ ಗಯಾಬಾಯಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಬೈಗುಳದ ಮಾತಲ್ಲ, ಪ್ರಶ್ನೆಗಳ ಮಾತು. ಬಸ್ಸು ಹತ್ತಿದರೆ ಟಿಕೆಟ್ ಯಂತ್ರದೊಳಗೆ ಮಸಿ ಎಲ್ಲಿ ತುಂಬುತ್ತಾರೆ ಎಂದು ಕಂಡಕ್ಟರನನ್ನು ಕೇಳುತ್ತಾರೆ. ನಾನು ಹುಮನಾಬಾದಿನ ಪಂಕ್ಚರ್ ಅಂಗಡಿಯವನ ಮಗಳು. ಸೊಸೆಯಾಗಿ ಬಂದ ಮೂರನೇ ದಿನವೇ ಒಂದು ಬಕೀಟು ನೀರು ನನ್ನ ಮುಂದಿಟ್ಟು, "ಏ ಪೂನಂ, ಟ್ಯೂಬಿನ ತೂತು ನಿಮ್ಮಪ್ಪ ನೀರಾಗ ಹ್ಯಾಂಗ ಹುಡುಕ್ತಾನ, ತೋರ್ಸು" ಅಂದರು. ಮೈಮೇಲಿನ ಅರಿಸಿನ ಆರಿರಲಿಲ್ಲ, ಕೈಯಲ್ಲಿ ಸೈಕಲ್ ಟ್ಯೂಬು ಹಿಡಿದು ಕೂತೆ.

ನಮ್ಮದು ರಾಜೇಶ್ವರದ ಆಚೆಗಿನ ಸಣ್ಣ ಊರು. ಊರ ಕೆರೆಯಲ್ಲಿ ಮೀನುಗಾರರ ಸೊಸೈಟಿಯವರು ಬಲೆ ಹಾಕಿ ಕಟ್ಲಾ, ರೋಹು ಹಿಡಿಯುತ್ತಾರೆ. ಅತ್ತೆಯದು ಮಾತ್ರ ಗಾಳ. ಸಂಜೆ ಬೆರಳುದ್ದದ ಸಣ್ಣ ಮೀನನ್ನು ಜೀವಂತ ಗಾಳಕ್ಕೆ ಚುಚ್ಚಿ ಜೊಂಡಿನ ಅಂಚಿಗೆ ಬಿಟ್ಟು ಬರುತ್ತಾರೆ. ಬೆಳಿಗ್ಗೆ ಅದನ್ನು ನುಂಗಿದ ಮರಲ್ ಸಿಕ್ಕಿರುತ್ತದೆ. ಮರಲ್ ಅಂದರೆ ಹಾವಿನಂಥ ತಲೆಯ ಕಪ್ಪು ಮೀನು. ಬಸವಕಲ್ಯಾಣದ ಮಂದಿ ಅದನ್ನು ಜೀವಂತ ಇದ್ದರೆ ಮಾತ್ರ ಕೊಳ್ಳುತ್ತಾರೆ. ಗಾಳಕ್ಕೆ ಬೇಕಾದ ಸಣ್ಣ ಮೀನುಗಳು ನಮ್ಮ ಪಡಸಾಲೆಯ ಮಣ್ಣಿನ ಹರವಿಯಲ್ಲಿ ಸದಾ ಓಡಾಡುತ್ತಿರುತ್ತವೆ. ಆ ಹರವಿಯ ನೀರಿಗೆ ಕೈ ಹಾಕಿದರೆ ನನ್ನ ಕಥೆ ಮುಗಿದಂತೆಯೇ.

ಹೋದ ಡಿಸೆಂಬರಿನಲ್ಲಿ ಬಿದ್ದ ಥಂಡಿ ಇದೆಯಲ್ಲ, ಅಬ್ಬಬ್ಬಾ! ಎಮ್ಮೆಗಳಿಗೂ ಗೋಣಿ ಹೊದಿಸಿದ್ದೆವು. ಮೂರು ದಿನ ಗಾಳಿ ಬೇರೆ. ಮರಲ್ ಗಾಳ ಮುಟ್ಟುವುದನ್ನೇ ಬಿಟ್ಟಿತು. "ಥಂಡಿಗೆ ಅವಕ್ಕೂ ಹಸಿವು ಸಾಯ್ತದೇನು?" ಎಂದು ಅತ್ತೆ ದಿನವೂ ಕೇಳುವರು. ನನಗೇನು ಗೊತ್ತು? ನಾಲ್ಕನೆಯ ಬೆಳಿಗ್ಗೆ ಕೆರೆಗೆ ಹೋಗಿ ನೋಡಿದರೆ ದಂಡೆಯುದ್ದಕ್ಕೂ ಸಣ್ಣ ಮೀನು ಸತ್ತು ಬೆಳ್ಳಗೆ ಬಿದ್ದಿದ್ದವು. ದೊಡ್ಡ ಕಟ್ಲಾಗಳು ಬಾಯಿ ಮೇಲೆತ್ತಿ ಗುಟುಕು ಗುಟುಕು ಅನ್ನುತ್ತಿದ್ದವು. ನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು.

ಅತ್ತೆ ತಲೆಯ ಮೇಲೆ ಕೈ ಹೊತ್ತು ನಿಂತರು. ಆಮೇಲೆ ಅವರ ಕಣ್ಣು ಏರಿಯ ಬೇವಿನ ಮರದ ಕಡೆ ತಿರುಗಿತು.

ಆ ಮರದ ಕೆಳಗೆ ಕೂರುವವರು ಹುಸೇನ ಚಾಚಾ, ಹುಮನಾಬಾದಿನ ಕಲಾಯಿಗಾರ. ಮೂವತ್ತು ವರ್ಷದಿಂದ ಲಗ್ನದ ಕಾಲ ಬಂತೆಂದರೆ ಹೆಂಡತಿ ಹಜಿರಾ ಬೀಯನ್ನು ಕರೆದುಕೊಂಡು ಬಂದು, ಒಂದು ತಿಂಗಳು ಅಲ್ಲೇ ಗುಡಿಸಲು ಹಾಕಿ, ಹತ್ತೂರಿನ ತಾಮ್ರದ ಹಂಡೆ, ದೇಗುಗಳಿಗೆ ತವರದ ಕಲಾಯಿ ಹಾಕಿ ಹೋಗುವರು. ಪಾತ್ರೆ ತೊಳೆಯಲು ತೇಜಾಬು ಬೇಕು. ತೇಜಾಬು ಅಂದರೆ ಆಸಿಡ್ಡು. ತೊಳೆದ ನೀರು ಹರಿಯುವುದು ಕೆರೆಯ ಕಡೆಗೇ. ಅವತ್ತು ಅವರು ಶಾಲು ಹೊದ್ದು ಗುಡಿಸಲಿನಿಂದ ಆಗಷ್ಟೇ ಹೊರಗೆ ಬಂದಿದ್ದರು.

"ಏ ಹುಸೇನಾ! ತೇಜಾಬು ಕುಡಿಸಿ ನನ್ನ ಕೆರಿ ಕೊಂದ್ಯಲ್ಲೋ!" ಅತ್ತೆಯ ಕೂಗಿಗೆ ಊರೇ ಸೇರಿತು.

"ಅಕ್ಕಾ, ನಾ ಏನಂತೀನಂದ್ರ..."

"ಬಾಯಿ ಮುಚ್ಚು! ನಿನ್ನ ಮಾತು ಯಾರಿಗೆ ಬೇಕಾಗ್ಯದ?"

ನೀರಿನ ವಿಷಯದಲ್ಲಿ ನಮ್ಮೂರಿಗೆ ಗಯಾಬಾಯಿಯ ಮಾತೇ ಕೊನೆಯ ಮಾತು. ಸೊಸೈಟಿಯ ಅಧ್ಯಕ್ಷ ನಾಗನಾಥ ಮುಂದೆ ಬಂದವನೇ ಚಾಚಾನ ಭಟ್ಟಿಯನ್ನು ಕಾಲಿಂದ ಒದ್ದ. ಮಣ್ಣಿನ ಭಟ್ಟಿ ಒಡೆಯಿತು. ಶುಕ್ರವಾರ ಪಂಚರು ಕೂಡಿ, ಈ ಮನುಷ್ಯ ಇನ್ನು ಮುಂದೆ ಊರೊಳಗೆ ಕಾಲಿಡಬಾರದೆಂದು ಠರಾವು ಮಾಡುವುದೆಂದಾಯಿತು. ಮಧ್ಯಾಹ್ನದೊಳಗೆ ಗಂಡ ಹೆಂಡತಿ ಗಂಟು ಕಟ್ಟಿ ಟಂಟಂ ರಿಕ್ಷಾ ಹತ್ತಿದರು. ನಾನೂ ಅಲ್ಲೇ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಈಗಲೂ ಅದಕ್ಕೆ ನನಗೆ ನಾಚಿಕೆಯಾಗುತ್ತದೆ.

ಸಂಜೆ ಅತ್ತೆ, ಸಂತೆಗೆಂದು ಜಾಳಿಗೆಯಲ್ಲಿ ಕಟ್ಟಿ ನೀರಲ್ಲಿಟ್ಟಿದ್ದ ಎರಡು ಮರಲ್ ತರಲು ಹೋದರು. ಜಾಳಿಗೆ ಇದ್ದದ್ದು ಬೇವಿನ ಮರದ ಬುಡಕ್ಕೇ, ಚಾಚಾ ತೊಳೆದ ನೀರು ಬಂದು ಬೀಳುವಲ್ಲಿ. ಸತ್ತಿರುತ್ತವೆ ಎಂದೇ ಎತ್ತಿದರೆ, ಒಂದು ಬಾಲ ಬೀಸಿ ಅವರ ಕೆನ್ನೆಗೆ ಫಟ್ ಎಂದು ಬಾರಿಸಿತು.

ಮನೆಗೆ ಬಂದು ಊಟಕ್ಕೆ ಕೂತವರು ರೊಟ್ಟಿ ಮುರಿಯಲೇ ಇಲ್ಲ. "ಊರ ಮೀನೆಲ್ಲ ಸತ್ತಾವ, ಇವೆರಡು ಯಾಕ ಸಾಯಲಿಲ್ಲ? ತೇಜಾಬಿಗೆ ಮರಲ್ ಏನ್ ಸೋದರಳಿಯ ಆಗಬೇಕೇನು, ಬಿಟ್ಟು ಬಿಡಾಕ?"

ಮರುದಿನ ಬೆಳಗಾಗುತ್ತಲೇ ನನ್ನನ್ನು ಎಬ್ಬಿಸಿದರು. ಲಾರಿ ಟ್ಯೂಬಿಗೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಇಬ್ಬರೂ ಕೂತೆವು. ನನ್ನ ಹಲ್ಲು ಕಟಕಟ. ಸತ್ತ ಮೀನು ಬೇವಿನ ಮರದ ಕಡೆ ಕಡಿಮೆ ಇದ್ದವು, ತೂಬಿನ ಹತ್ತಿರ ರಾಶಿ. ತೂಬಿನ ಬಳಿ ಕೆರೆ ಬಹಳ ಆಳ. ಮೊದಲು ಅಲ್ಲಿ ಒಂದಾಳು ನೀರೂ ಇರಲಿಲ್ಲವಂತೆ. ಎರಡು ಬೇಸಿಗೆಯ ಹಿಂದೆ ಜೆಸಿಬಿ ಇಳಿಸಿ ಹೂಳು ತೆಗೆದ ಮೇಲೆ ಮೂರಾಳು ಆಗಿದೆ.

ಅತ್ತೆ ಒಂದು ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಅರಿವೆ ತುರುಕಿ, ಅರಿವೆಗೆ ಬೇರೆ ದಾರ ಕಟ್ಟಿದ್ದರು. ಬಾಟಲಿ ತಳ ಮುಟ್ಟಿದ ಮೇಲೆ ದಾರ ಜಗ್ಗಿ ಅರಿವೆ ಕಿತ್ತರು. ತಳದ ನೀರು ತುಂಬಿ ಮೇಲೆ ಬಂತು. ಅತ್ತೆಯ ಒಂದು ಕೈ ಬಾಟಲಿಯ ಮೇಲೆ, ಇನ್ನೊಂದು ಕೈ ಕೆರೆಯ ನೀರಲ್ಲಿ.

"ದಸರಾದಾಗ ಇಲ್ಲಿ ಇಳಿದಿದ್ದೆ. ಎದಿಮಟ್ಟ ಬೆಚ್ಚಗ, ಕಾಲಾಗ ಬರ್ಫ. ಈಗ ನೋಡು, ಮ್ಯಾಲೂ ಅಷ್ಟೇ ಥಂಡಿ, ಕೆಳಗೂ ಅಷ್ಟೇ. ನಾತ ಸೈತ ಒಂದೇ!" ಅವರ ಮುಖ ಅರಳಿತು. "ಮ್ಯಾಲಿನ ನೀರು ಥಂಡಿಗೆ ಭಾರಾಗಿ ಕೆಳಗ ಇಳದದ. ಕೆಳಗ ಕೊಳೆತದ್ದು ಮ್ಯಾಲ ಬಂದದ. ಆದರ ಮೀನ ಯಾಕ ಸಾಯಬೇಕು?"

ಮನೆಗೆ ಬಂದು ಆ ನೀರನ್ನು ಚರಿಗೆಗೆ ಸುರಿದು, ಹರವಿಯ ನಾಲ್ಕು ಸಣ್ಣ ಮೀನು ಬಿಟ್ಟರು. ಸ್ವಲ್ಪ ಹೊತ್ತಿಗೇ ಅವು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನನಗೆ ತಟ್ಟನೆ ಹೊಳೆಯಿತು. "ಅತ್ತಿ, ಆ ನೀರಾಗ ಗಾಳಿ ಇಲ್ರಿ! ಉಸಿರು ಕಟ್ಟಾಕತ್ತದ ಅವಕ್ಕ."

ಅತ್ತೆ ಮೀನುಗಳನ್ನು ಎತ್ತಿ ಹರವಿಗೆ ಹಾಕಿದರು. ಚಹಾ ಆರಿಸುವ ಹಾಗೆ ಆ ನೀರನ್ನು ಚರಿಗೆಯಿಂದ ಚರಿಗೆಗೆ ಎತ್ತರದಿಂದ ಇಪ್ಪತ್ತು ಮೂವತ್ತು ಸಲ ಸುರಿದು, ಮತ್ತೆ ಮೀನು ಬಿಟ್ಟರು. ಈಗ ಅವು ಆರಾಮಾಗಿ ಈಜಾಡಿದವು. ತೇಜಾಬು ಇದ್ದಿದ್ದರೆ ಸುರಿದ ಮಾತ್ರಕ್ಕೆ ಹೋಗುತ್ತಿತ್ತೇ? ಮರಲ್ ಸಾಯದ್ದಕ್ಕೂ ಕಾರಣ ಸಿಕ್ಕಿತು. ಅದು ಮೊದಲಿಂದಲೂ ಮೇಲೆ ಬಂದು ಹೊರಗಿನ ಗಾಳಿ ನುಂಗಿ ಹೋಗುವ ಮೀನು. ಅತ್ತೆ ಚಪ್ಪಾಳೆ ತಟ್ಟಿದರು. ತಟ್ಟಿದ ಕೈ ಅಲ್ಲೇ ನಿಂತಿತು.

"ಅಯ್ಯ ದೇವರೆ, ಹುಸೇನಂದು ಏನೂ ತಪ್ಪಿಲ್ಲಲ್ಲೇ."

"ಥಂಡಿಗೆ ಸತ್ತಾವಂತ ಹೇಳಿ ಬಿಡ್ರಿ ಅತ್ತಿ. ನೀವು ತಪ್ಪಿದ್ದು ಯಾಕ ಹೇಳ್ಬೇಕು?" ಅಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಒಳಗೆ ಹೋದೆ.

ಶುಕ್ರವಾರ ಪಂಚರ ಮುಂದೆ ಬಾಟಲಿ, ಚರಿಗೆ, ಮೀನು ಎಲ್ಲ ಇಟ್ಟು ತೋರಿಸಿದರು. ನಾಗನಾಥ ಬಗ್ಗಿ ಬಗ್ಗಿ ನೋಡಿದ. "ಆಯ್ತು ಬಿಡ್ರಿ ಕಾಕು, ನೀರಿಂದೇ ತಪ್ಪು" ಎಂದು ಎದ್ದ.

"ಕೂಡು! ನೀರಿಂದಲ್ಲ, ನಂದು. ಸುಳ್ಳು ಅಪವಾದ ಹೊರಿಸಿದಾಕಿ ನಾ, ಭಟ್ಟಿ ಒದ್ದಾಂವ ನೀ. ಇನ್ನ ಮ್ಯಾಲ ನೀರಿನ ಮಾತು ನನಗ ಕೇಳಬ್ಯಾಡ್ರಿ."

ಠರಾವು ಅಲ್ಲಿಗೇ ಬಿದ್ದುಹೋಯಿತು. ನನ್ನ ಅತ್ತೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಮರುದಿನ ಹುಮನಾಬಾದಿಗೆ ಹೋದೆವು. ಚಾಚಾ ಮಂಚದ ಮೇಲೆ ಕೂತಿದ್ದರು, ಮುಖ ಇಳಿದಿತ್ತು. ಹಜಿರಾ ಬೀ ನಮ್ಮನ್ನು ಕಂಡು ಕೂಡ್ರಿ ಅನ್ನಲಿಲ್ಲ. ಅತ್ತೆ ನಿಂತೇ ಎಲ್ಲ ಹೇಳಿದರು: ಹೂಳು ತೆಗೆದದ್ದು, ನೀರು ಭಾರವಾದದ್ದು, ಬಾಟಲಿ, ಚರಿಗೆ. ಹೇಳುತ್ತ ಹೇಳುತ್ತ ಹುರುಪು ಬಂದು ಕೈ ಆಡಿಸತೊಡಗಿದರು. "ಎರಡು ದಿನ ಹಿಡೀತು ನೋಡಪಾ, ಇದು ತಿಳಿಲಿಕ್ಕ!"

ಚಾಚಾ ಕೊನೆಯವರೆಗೂ ಕೇಳಿದರು. ಆಮೇಲೆ ಮೆಲ್ಲಗೆ ಅಂದರು: "ಅಕ್ಕಾ, ಆ ನಾಲ್ಕು ದಿನ ನಾ ಭಟ್ಟಿನೇ ಹಚ್ಚಿರಲಿಲ್ರಿ. ಮೈ ಸುಡೋ ಬುಖಾರ್ ಬಂದು ಮಲಗಿದ್ದೆ. ತೇಜಾಬಿನ ಶೀಶೆ ಬೂಚು ಸೈತ ತೆಗೆದಿಲ್ಲ. ಮೀನಿಗಿ ಕೇಳಿದ್ರಿ, ನೀರಿಗಿ ಕೇಳಿದ್ರಿ. ನನಗ ಒಂದು ಮಾತು ಕೇಳಿದ್ರ ಆಗ್ತಿರಲಿಲ್ಲೇನ್ರಿ?"

ಅತ್ತೆಯ ಕೈ ಕೆಳಗಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು, ಆಮೇಲೆ ಅದನ್ನು ತೆಗೆದು, ಕೇಳಿದರು: "ಬುಖಾರ್ ಈಗರೆ ಬಿಟ್ಟದೇನೋ, ತಮ್ಮಾ?"

ಚಾಚಾ ಶಾಲು ಎಳೆದು ಹೊದ್ದುಕೊಂಡರು. ಉತ್ತರ ಕೊಟ್ಟವರು ಹಜಿರಾ ಬೀ.

"ಇನ್ನೂ ಬಿಟ್ಟಿಲ್ಲ" ಅಂದರು.