ಟ್ಯಾಂಕ್ ತೊಳೆದ ಹೊಂಗೆ ಎಣ್ಣೆ

ಸ್ನೇಹಿತರೇ, ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವುದನ್ನು ಜಗತ್ತಿಗೆ ಕಲಿಸಿದವನು ನಾನೇ. ಇವತ್ತು ಮನೆಯಲ್ಲೇ ತಯಾರಿಸಿದ ಆ ಡೀಸೆಲ್ ಮೊದಲ ಸಲ ತುಂಬಿಸಿ, ಹೆಂಡತಿಯೊಡನೆ ಗುಬ್ಬಿಗೆ ಹೊರಟೆ. ಹದಿನೆಂಟು ವರ್ಷದ ನಮ್ಮ ಕಾರು ಕಡಬದ ಕೆರೆ ಏರಿ ಮೇಲೆ ಕೆಮ್ಮಿ ನಿಂತಿತು. ಎಂಜಿನ್ನೇ ಹೋಯಿತು ಅಂದುಕೊಂಡೆ.

“ದೀಪಕ್ಕೆ ಹಾಕೋ ಎಣ್ಣೇನ ಕಾರಿಗೆ ಹಾಕಿದ್ರೆ ಇನ್ನೇನಾಗುತ್ತೆ? ಗುಜರಿಗೆ ಹಾಕ್ಬುಡಿ” ಎಂದ ಹೆಂಡತಿ, ಆ ದಾರಿಯಲ್ಲಿ ಬಂದ ಬಸ್ಸು ಹತ್ತಿ ಹೋದಳು.

ಗುಬ್ಬಿಯಿಂದ ಬಂದ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಗಸಿ.

“ಎಂಜಿನ್‌ಗೆ ಏನೂ ಆಗಿಲ್ಲ ಕಣಣ್ಣ. ನಿನ್ನ ಎಣ್ಣೆ ಟ್ಯಾಂಕ್‌ನ ಹಳೇ ಕೊಳೇನೆಲ್ಲ ತೊಳೆದು ತಂದು ಇಲ್ಲಿ ತುಂಬೈತೆ.”

ಹೊಸ ಫಿಲ್ಟರ್ ಹಾಕಿದ ಮೇಲೆ ಕಾರು ಓಡಿತು, ನನಗೂ ಉಸಿರು ಬಂತು. ಖರ್ಚು ನೂರೈವತ್ತು ಎಂದು ಮನೆಯಲ್ಲಿ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆರುನೂರ ನಲವತ್ತು.